ದಾಖಲಾತಿ ಪುಸ್ತಕ ಈಚೆಗೆ ತೆಗೆಯಿರಿ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಮುಖ್ಯ ಶಿಕ್ಷಕಿಯೊಬ್ಬರ ಉತ್ತರ

ಊರಿನ ಹೈಸ್ಕೂಲಿನ ಚರಿತ್ರೆ ಬರೆಯುವವರಿಗೆ ಸಂದೇಹಗಳಿದ್ದರೆ ಕೇಳಿ ಎಂದು ಸಂಪಾದಕರು ಪ್ರಕಟಿಸಿದ ಮೇಲೆ ಬಂದ ಪತ್ರಗಳನ್ನು ನನಗೆ ಕಳಿಸಿಕೊಟ್ಟಿದ್ದಾರೆ. ಹೆಚ್ಚಿನವು ಅಮೃತ ಮಹೋತ್ಸವ, ಶತಮಾನೋತ್ಸವದ ತಯಾರಿಯಲ್ಲಿರುವ ಶಾಲೆಗಳಿಂದ ಬಂದವು. ಸಮಾಜ ವಿಜ್ಞಾನ ಪಾಠ ಮಾಡುತ್ತ, ಆಮೇಲೆ ಮುಖ್ಯ ಶಿಕ್ಷಕಿಯಾಗಿ, ನಾನು ಕಂಡದ್ದೆಲ್ಲ ತಾಲ್ಲೂಕು ಕೇಂದ್ರಗಳ ಮತ್ತು ಹೋಬಳಿ ಊರುಗಳ ಹೈಸ್ಕೂಲುಗಳನ್ನೇ. ಆ ಅನುಭವದಿಂದ ಉತ್ತರ ಬರೆದಿದ್ದೇನೆ.

ನಾನು ಕೆಲಸ ಮಾಡುವ ಸರ್ಕಾರಿ ಪ್ರೌಢಶಾಲೆಗೆ ಮುಂದಿನ ವರ್ಷ ಎಪ್ಪತ್ತೈದು ತುಂಬುತ್ತದೆ. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಹಳಬರನ್ನು ಕೇಳಿದರೆ ಎಲ್ಲರೂ ‘ಆಗಿನ ಶಿಸ್ತೇ ಬೇರೆ’ ಎನ್ನುತ್ತಾರೆ, ಅಲ್ಲಿಂದ ಮುಂದಕ್ಕೆ ಮಾತು ಹೋಗುವುದಿಲ್ಲ. ಎಲ್ಲಿಂದ ಶುರುಮಾಡಲಿ?
— ಸಹಶಿಕ್ಷಕಿ, ತುಮಕೂರು ಜಿಲ್ಲೆ

ಮೇಡಂ, ನಿಮ್ಮ ಹೆಡ್‌ಮಾಸ್ಟರ ಅನುಮತಿ ಪಡೆದು ಆಫೀಸಿನ ಬೀರು ತೆಗೆಸಿ. ದಾಖಲಾತಿ ಪುಸ್ತಕದ ಮೊದಲನೇ ಸಂಪುಟ ಈಚೆಗೆ ತೆಗೆಯಿರಿ. ಅದು ಶಾಶ್ವತ ದಾಖಲೆ. ಯಾವ ಶಾಲೆಯೂ ಅದನ್ನು ರದ್ದಿಗೆ ಹಾಕುವಂತಿಲ್ಲ, ಆದ್ದರಿಂದ ಬೇರೆ ಏನು ಕಳೆದುಹೋಗಿದ್ದರೂ ಇದು ಸಿಕ್ಕೇ ಸಿಗುತ್ತದೆ. ಮನೆಗೆ ಒಯ್ಯಬೇಡಿ, ಶಾಲೆಯಲ್ಲೇ ಕೂತು ನೋಡಿ. ಹಾಳೆ ಮುರುಕಲಾಗಿದ್ದರೆ ಮೊದಲು ಪ್ರತಿ ಪುಟದ ಫೋಟೊ ತೆಗೆದುಕೊಂಡು, ಆಮೇಲೆ ಫೋಟೊದಲ್ಲೇ ಓದಿ.

ಒಂದೊಂದು ಸಾಲೂ ಒಂದು ಮಗು. ದಾಖಲಾತಿ ಸಂಖ್ಯೆ, ಹೆಸರು, ತಂದೆ ಅಥವಾ ಪೋಷಕರ ಹೆಸರು, ಅವರ ಉದ್ಯೋಗ, ಊರು, ಜಾತಿ, ಹುಟ್ಟಿದ ದಿನಾಂಕ, ಹಿಂದೆ ಓದಿದ ಶಾಲೆ, ಸೇರಿದ ತರಗತಿ, ಬಿಟ್ಟ ದಿನಾಂಕ, ಬಿಟ್ಟ ಕಾರಣ, ಕೊನೆಗೆ ಷರಾ. ಮೊದಲ ನೂರು ಹೆಸರನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಹತ್ತು ವರ್ಷ ಬಿಟ್ಟು ಮತ್ತೊಂದು ನೂರು, ಹಾಗೇ ಇಲ್ಲಿಯವರೆಗೆ ಬನ್ನಿ. ನಿಮ್ಮ ಚರಿತ್ರೆಯ ಬೆನ್ನೆಲುಬು ಅದರಲ್ಲೇ ಸಿಗುತ್ತದೆ.

ಮೊದಲು ನೋಡಬೇಕಾದ್ದು ಊರಿನ ಹೆಸರು. ಶಾಲೆ ತೆರೆದ ಕಾಲದಲ್ಲಿ ಇಡೀ ತಾಲ್ಲೂಕಿಗೆ ಅದೊಂದೇ ಹೈಸ್ಕೂಲು ಇದ್ದಿದ್ದರೆ, ಹದಿನೈದು ಇಪ್ಪತ್ತು ಮೈಲಿ ದೂರದ ಹಳ್ಳಿಗಳ ಹೆಸರು ಅಲ್ಲಿರುತ್ತವೆ. ಆ ಹುಡುಗರು ದಿನಾ ನಡೆದು ಬರುವ ದೂರವಲ್ಲ ಅದು. ಹಾಗಾದರೆ ಎಲ್ಲಿ ಉಳಿದುಕೊಂಡಿದ್ದರು? ನೆಂಟರ ಮನೆಯೇ, ಬಾಡಿಗೆ ಕೋಣೆಯೇ, ಜಾತಿಯ ಹಾಸ್ಟೆಲ್ಲೇ, ಮಠದ ಉಚಿತ ನಿಲಯವೇ, ದಿನಕ್ಕೊಂದು ಮನೆಯಲ್ಲಿ ಉಣ್ಣುವ ವಾರಾನ್ನವೇ? ನೀವು ಹಳಬರಿಗೆ ಕೇಳಬೇಕಾದ ಪ್ರಶ್ನೆ ಇದು. ‘ನಿಮ್ಮ ಕಾಲದ ಶಾಲೆ ಹೇಗಿತ್ತು’ ಎಂದರೆ ಶಿಸ್ತಿನ ಮಾತೇ ಬರುತ್ತದೆ. ‘ನೀವು ಇಂಥ ಹಳ್ಳಿಯವರು, ಒಂಬತ್ತನೇ ಕ್ಲಾಸಿನಲ್ಲಿ ಎಲ್ಲಿದ್ದಿರಿ, ಶನಿವಾರ ಮಧ್ಯಾಹ್ನ ಊರಿಗೆ ಹೇಗೆ ಹೋಗುತ್ತಿದ್ದಿರಿ’ ಎಂದು ಕೇಳಿ ನೋಡಿ. ಒಂದು ಗಂಟೆ ಮಾತು ನಿಲ್ಲುವುದಿಲ್ಲ.

ಪೋಷಕರ ಉದ್ಯೋಗದ ಕಲಂ ಕೂಡ ಹಾಗೆಯೇ. ಮೊದಲ ಪುಟಗಳಲ್ಲಿ ಶ್ಯಾನುಭೋಗ, ಪಟೇಲ, ವರ್ತಕ, ಉಪಾಧ್ಯಾಯ, ಗುಮಾಸ್ತೆ. ಆಮೇಲೆ ವ್ಯವಸಾಯ ಹೆಚ್ಚುತ್ತ ಬರುತ್ತದೆ. ಇನ್ನೂ ಮುಂದೆ ಹೋದರೆ ಕೂಲಿ. ಕೂಲಿ ಎಂಬ ಮಾತು ಯಾವ ವರ್ಷದಿಂದ ಕಾಣಿಸುತ್ತದೆ, ಯಾವಾಗಿನಿಂದ ಪುಟದ ತುಂಬ ಅದೇ ಇರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಶಾಲೆ ನಿಜವಾಗಿ ಊರಿನ ಶಾಲೆಯಾದದ್ದು ಆಗ.

ಹುಟ್ಟಿದ ದಿನಾಂಕದ ಕಲಮಿನಲ್ಲಿ ಜೂನ್ 1 ಎಂಬುದು ಮತ್ತೆ ಮತ್ತೆ ಬಂದರೆ ಆಶ್ಚರ್ಯಪಡಬೇಡಿ. ಮಗು ಹುಟ್ಟಿದ ದಿನ ತಂದೆತಾಯಿಗೆ ನೆನಪಿರದಿದ್ದಾಗ, ಹಳ್ಳಿಯ ಪ್ರೈಮರಿ ಶಾಲೆಯ ಮೇಷ್ಟ್ರು ವಯಸ್ಸು ಅಂದಾಜು ಮಾಡಿ, ಶಾಲೆ ಶುರುವಾಗುವ ತಿಂಗಳಿಗೆ ಸರಿಹೋಗುವಂತೆ ಬರೆದುಕೊಂಡ ತಾರೀಖು ಅದು. ಅದೇ ಟಿ.ಸಿ.ಯಲ್ಲಿ ಹೈಸ್ಕೂಲಿಗೆ ಬಂತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅದರ ಮೇಲೇ ಆ ಮನುಷ್ಯ ಕೆಲಸಕ್ಕೆ ಸೇರಿ ನಿವೃತ್ತನಾದ. ಒಂದು ಪುಟದಲ್ಲಿ ಎಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೆ ಎಂದು ಎಣಿಸಿದರೆ, ಅವರಲ್ಲಿ ಎಷ್ಟು ಮಂದಿ ಓದುಬರಹ ಇಲ್ಲದ ಮನೆಯಿಂದ ಬಂದವರು ಎಂಬುದರ ಅಂದಾಜೂ ಸಿಗುತ್ತದೆ.

ಇನ್ನು ಬೇರೆ ದಾಖಲೆಗಳು. ಸಂದರ್ಶಕರ ಪುಸ್ತಕ, ಇನ್‌ಸ್ಪೆಕ್ಟರ ತಪಾಸಣಾ ವರದಿ, ಸಂಬಳ ಕೊಟ್ಟ ಲೆಕ್ಕದ ಬಟವಾಡೆ ರಿಜಿಸ್ಟರ್, ಲೈಬ್ರರಿಯ ಪುಸ್ತಕಗಳ ಪಟ್ಟಿ, ದಾಸ್ತಾನು ವಹಿ. ದಾಸ್ತಾನು ವಹಿಯನ್ನು ಯಾರೂ ತೆಗೆದು ನೋಡುವುದಿಲ್ಲ, ನನಗೆ ಅದು ಬಹಳ ಪ್ರಿಯ. ನಾನಿದ್ದ ಒಂದು ಶಾಲೆಯ ಹಳೆಯ ವಹಿಯಲ್ಲಿ ಕೈಮಗ್ಗ, ಲಾಳಿ, ನೂಲಿನ ಲಡಿ, ಬಡಗಿಯ ಹತಾರ ಇವೆಲ್ಲ ನಮೂದಾಗಿದ್ದವು. ಆ ಶಾಲೆಯಲ್ಲಿ ನೇಯ್ಗೆ ಕಲಿಸುತ್ತಿದ್ದರು ಎಂಬುದು ಆಗ ಕೆಲಸದಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1952–53ರಲ್ಲಿ, ಪಾಠದ ಜೊತೆ ಕೈಕಸುಬನ್ನೂ ಕಲಿಸುವ ವಿವಿಧೋದ್ದೇಶ ಶಾಲೆಗಳ ಶಿಫಾರಸು ಮಾಡಿದ ಮೇಲೆ ಬಂದ ಸಾಮಾನು ಅದು. ಮಗ್ಗ ಕೊನೆಗೆ ‘ದುರಸ್ತಿಗೆ ಬಾರದ್ದು’ ಎಂದು ವಹಿಯಿಂದ ಕಡಿಮೆಯಾದ ವರ್ಷವೂ ಅಲ್ಲೇ ಇತ್ತು. ಒಂದು ಶಿಕ್ಷಣ ನೀತಿ ನಮ್ಮ ಊರಿಗೆ ಬಂದು ಹೋದದ್ದು ಎರಡು ನಮೂದುಗಳಲ್ಲಿ ದಾಖಲಾಗಿತ್ತು.

ಒಂದು ಎಚ್ಚರಿಕೆ. ದಾಖಲಾತಿ ಪುಸ್ತಕದ ಹೆಸರು, ಜಾತಿ, ಬಿಟ್ಟ ಕಾರಣ ಇವನ್ನು ಒಟ್ಟಿಗೆ ಅಚ್ಚು ಹಾಕಬೇಡಿ. ಆ ಮಕ್ಕಳು, ಅವರ ಮಕ್ಕಳು ಅದೇ ಊರಿನಲ್ಲಿದ್ದಾರೆ. ಒಟ್ಟು ಲೆಕ್ಕ ಕೊಡಿ, ಹೆಸರು ಹಾಕುವುದಿದ್ದರೆ ಅವರನ್ನು ಕೇಳಿ ಹಾಕಿ.

ನಮ್ಮ ಶಾಲೆಗೆ ನೂರು ವರ್ಷ ತುಂಬಿದೆ ಎಂದು ಒಂದು ಗುಂಪು, ಇಲ್ಲ ಇನ್ನೂ ಇಪ್ಪತ್ತು ವರ್ಷವಿದೆ ಎಂದು ಇನ್ನೊಂದು ಗುಂಪು. ಇಬ್ಬರ ಹತ್ತಿರವೂ ಕಾಗದಪತ್ರ ಇದೆ. ಯಾವುದು ಸರಿ?
— ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ಹಾಸನ ಜಿಲ್ಲೆ

ಇಬ್ಬರದೂ ಸರಿ ಇರಬಹುದು. ನಮ್ಮ ಹೈಸ್ಕೂಲುಗಳಲ್ಲಿ ಒಂದೇ ದಿನ ಹುಟ್ಟಿದವು ಕಡಿಮೆ. ಮೊದಲು ಪ್ರೈಮರಿ, ಅದರ ಮೇಲೆ ಎ.ವಿ. ಸ್ಕೂಲು ಅಂದರೆ ಇಂಗ್ಲಿಷೂ ಕನ್ನಡವೂ ಇದ್ದ ಆಂಗ್ಲೋ ವರ್ನಾಕ್ಯುಲರ್ ಶಾಲೆ, ಅದು ಮಿಡ್ಲ್ ಸ್ಕೂಲಾಗಿ, ಊರವರು ಹಣ ಕೂಡಿಸಿ ಮೇಲೆ ಹೈಸ್ಕೂಲು ತರಗತಿ ಸೇರಿಸಿ, ಆಮೇಲೆ ಮಾನ್ಯತೆ ಬಂದು, ಅನುದಾನ ಬಂದು, ಕೆಲವು ಕಡೆ ಸರ್ಕಾರವೇ ವಹಿಸಿಕೊಂಡು, 1970ರ ದಶಕದಲ್ಲಿ ಪಿಯುಸಿ ಸೇರಿ ಜೂನಿಯರ್ ಕಾಲೇಜು ಎಂಬ ಬೋರ್ಡು ಬಿತ್ತು. ಕುವೆಂಪು ಅವರು ತೀರ್ಥಹಳ್ಳಿಯಲ್ಲಿ ಓದಿದ್ದು ಎ.ವಿ. ಸ್ಕೂಲಿನಲ್ಲಿ, ಹೈಸ್ಕೂಲಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಗೆ ಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜೂ 1858ರಲ್ಲಿ ಶುರುವಾದದ್ದು ಹೈಸ್ಕೂಲಾಗಿಯೇ, ಸೆಂಟ್ರಲ್ ಕಾಲೇಜು ಎಂಬ ಹೆಸರು ಬಂದದ್ದು 1875ರಲ್ಲಿ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಮೊದಲನೇ ಹೈಸ್ಕೂಲು ತರಗತಿಗೆ ಮೊದಲನೇ ಮಗು ದಾಖಲಾದ ದಿನವನ್ನು ಹೈಸ್ಕೂಲಿನ ಹುಟ್ಟಿದ ದಿನ ಎಂದು ಇಟ್ಟುಕೊಂಡು, ಹಿಂದಿನದನ್ನೆಲ್ಲ ಅದರ ಮನೆತನ ಎಂದು ಬರೆಯುತ್ತೇನೆ. ಮಾನ್ಯತೆಯ ಆದೇಶ ಎರಡು ಮೂರು ವರ್ಷ ತಡವಾಗಿ ಬಂದಿರಬಹುದು. ಆ ನಡುವಿನ ವರ್ಷಗಳಲ್ಲಿ ಸಂಬಳ ಯಾರು ಕೊಟ್ಟರು, ಪರೀಕ್ಷೆಗೆ ಮಕ್ಕಳು ಯಾವ ಊರಿಗೆ ಹೋದರು, ಮೇಷ್ಟ್ರುಗಳು ಏನು ನಂಬಿ ಉಳಿದರು ಎಂಬುದನ್ನು ತಪ್ಪದೆ ಬರೆಯಿರಿ. ಊರು ಶಾಲೆಯನ್ನು ಎಷ್ಟು ಬಯಸಿತ್ತು ಎಂಬುದು ಆ ಭಾಗದಲ್ಲಿದೆ. ಎರಡು ಗುಂಪಿನ ಜಗಳಕ್ಕೆ ಸಮಾರಂಭವನ್ನೇ ನಿಲ್ಲಿಸಬೇಡಿ. ಈ ವರ್ಷ ಶಾಲೆಯ ನೂರು, ಇಪ್ಪತ್ತು ವರ್ಷದ ಮೇಲೆ ಹೈಸ್ಕೂಲಿನ ನೂರು.

ನನ್ನ ಅಜ್ಜ ‘ಮುಲ್ಕಿ ಪಾಸಾಗಿದ್ದೆ’ ಎನ್ನುತ್ತಿದ್ದರು, ಮಾವನ ಕಡೆಯ ಅಜ್ಜ ‘ಫಿಫ್ತ್ ಫಾರಂ’ ಎನ್ನುತ್ತಾರೆ. ನಮ್ಮ ಶಾಲೆಯ ಹಳೆ ಪುಸ್ತಕದಲ್ಲಿ ‘ಇಂಗ್ಲಿಷ್ ನಾಲ್ಕನೇ ಇಯತ್ತೆ’ ಎಂದಿದೆ. ಇವೆಲ್ಲ ಈಗಿನ ಯಾವ ಕ್ಲಾಸು?
— ಪ್ರೌಢಶಾಲಾ ಮಾಸ್ತರು, ಗದಗ ಜಿಲ್ಲೆ

ಸರ್, ನಿಮ್ಮ ಎರಡು ಮನೆಯ ಅಜ್ಜಂದಿರು ಓದಿದ್ದು ಬೇರೆ ಬೇರೆ ಆಡಳಿತದಲ್ಲಿ. 1956ರ ನವೆಂಬರ್ 1ರವರೆಗೆ ಕನ್ನಡದ ಮಕ್ಕಳು ಓದಿದ್ದು ಮುಂಬೈ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಹೀಗೆ ಹಲವು ಕಡೆಯ ನಿಯಮಗಳ ಕೆಳಗೆ.

ನಿಮ್ಮ ಕಡೆ, ಅಂದರೆ ಮುಂಬೈ ಪ್ರಾಂತ್ಯದಲ್ಲಿ, ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆ ಮುಗಿಸಿ ಬರೆಯುತ್ತಿದ್ದದ್ದು ಮುಲ್ಕಿ ಪರೀಕ್ಷೆ. ಅದು ಪಾಸಾದರೆ ಪ್ರೈಮರಿ ಮಾಸ್ತರಿಕೆಗೆ, ಸಣ್ಣ ಸರ್ಕಾರಿ ನೌಕರಿಗೆ ದಾರಿ. ಹೈಸ್ಕೂಲಿಗೆ ಹೋಗುವವರು ನಾಲ್ಕನೇ ಇಯತ್ತೆ ಆದಮೇಲೆ ಇಂಗ್ಲಿಷ್ ಸಾಲಿ ಸೇರಿ ಮತ್ತೆ ಒಂದರಿಂದ ಎಣಿಸುತ್ತಿದ್ದರು. ನಿಮ್ಮ ಪುಸ್ತಕದ ಇಂಗ್ಲಿಷ್ ನಾಲ್ಕನೇ ಇಯತ್ತೆ ಎಂದರೆ ಈಗಿನ ಎಂಟನೇ ಕ್ಲಾಸು. ಇಂಗ್ಲಿಷ್ ಏಳನೆಯದು ಹನ್ನೊಂದನೆಯ ವರ್ಷ, ಅದರ ಕೊನೆಗೆ ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ಫಾರಂ ಲೆಕ್ಕ. ಒಂದನೇ ಫಾರಂ ಆರನೇ ವರ್ಷ, ಆರನೇ ಫಾರಂ ಹನ್ನೊಂದನೆಯ ವರ್ಷ ಮತ್ತು ಎಸ್ಸೆಸ್ಸೆಲ್ಸಿ. ಹಾಗಾಗಿ ಫಿಫ್ತ್ ಫಾರಂ ಎಂದರೆ ಹತ್ತನೇ ವರ್ಷ. ಮೈಸೂರು ಸಂಸ್ಥಾನದಲ್ಲಿ ಮಿಡ್ಲ್ ಸ್ಕೂಲಿನ ಕೊನೆಗೆ ಎಲ್.ಎಸ್. ಎಂಬ ಲೋಯರ್ ಸೆಕೆಂಡರಿ ಪರೀಕ್ಷೆ ಇತ್ತು. ಹೈದರಾಬಾದಿನಲ್ಲಿ ಹೈಸ್ಕೂಲಿನ ಪಾಠ ಉರ್ದುವಿನಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಆರಂಭವಾದ ಮೇಲೆ ಅದು ಇನ್ನೂ ಗಟ್ಟಿಯಾಯಿತು.

ಏಕೀಕರಣವಾದ ಮೇಲೆ ಇದನ್ನೆಲ್ಲ ಒಂದು ದಾರಕ್ಕೆ ಪೋಣಿಸಲು ವರ್ಷಗಳೇ ಹಿಡಿದವು. ಎಸ್ಸೆಸ್ಸೆಲ್ಸಿಗೆ ಪ್ರತ್ಯೇಕ ಪರೀಕ್ಷಾ ಮಂಡಳಿ ಬಂದದ್ದು 1966ರಲ್ಲಿ, ಎರಡು ವರ್ಷದ ಪಿಯುಸಿ ಬಂದದ್ದು 1971ರಲ್ಲಿ. ಸಂಚಿಕೆಯಲ್ಲಿ ಹಳಬರ ಓದನ್ನು ಬರೆಯುವಾಗ ಅವರು ಹೇಳಿದ ಹಾಗೇ ಮುಲ್ಕಿ, ಫಾರಂ, ಮೆಟ್ರಿಕ್ ಎಂದೇ ಬರೆಯಿರಿ. ಈಗಿನ ಕ್ಲಾಸಿಗೆ ತಿದ್ದಿ ಹಾಕಬೇಡಿ. ಪಕ್ಕದಲ್ಲಿ ಇಸವಿ ಇರಲಿ, ಸಾಕು.

ಸ್ಮರಣ ಸಂಚಿಕೆಯಲ್ಲಿ ನಮ್ಮ ಶಾಲೆಯಲ್ಲಿ ಓದಿ ದೊಡ್ಡ ಹುದ್ದೆಗೆ ಹೋದವರ ಪಟ್ಟಿ ಹಾಕಬೇಕೆಂದು ಎಲ್ಲರ ಒತ್ತಾಯ. ಹಾಕಲೇ?
— ಸಂಪಾದಕ ಮಂಡಳಿಯ ಸದಸ್ಯರು, ಮಂಡ್ಯ ಜಿಲ್ಲೆ

ಹಾಕಿ, ಒಂದು ಪುಟ. ಇನ್ನೊಂದು ಪುಟದಲ್ಲಿ ಶಾಲೆಯಲ್ಲಿ ಜವಾನರಾಗಿ, ಅಟೆಂಡರಾಗಿ, ಗುಮಾಸ್ತರಾಗಿ ದುಡಿದವರ ಹೆಸರು ಹಾಕಿ. ಬಟವಾಡೆ ರಿಜಿಸ್ಟರಿನಲ್ಲಿ ಎಲ್ಲರ ಹೆಸರೂ ಸಿಗುತ್ತದೆ. ಮುಖ್ಯ ಶಿಕ್ಷಕರು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದ ಶಾಲೆಗಳಲ್ಲಿ, ಬೀಗದ ಕೈ ಇಟ್ಟುಕೊಂಡು ಮೂವತ್ತು ವರ್ಷ ಇದ್ದವರು ಅವರೇ. ಯಾವ ಕಿಟಕಿಯ ಚಿಲಕ ಸಡಿಲ, ಯಾವ ಹುಡುಗ ಊಟ ತರದೆ ಬಂದಿದ್ದಾನೆ ಎಂಬುದು ಅವರಿಗೇ ಗೊತ್ತಿರುತ್ತಿತ್ತು. ಜಾಗ ಸಾಲದಿದ್ದರೆ ಮಂತ್ರಿ ಶಾಸಕರ ಶುಭಸಂದೇಶಗಳ ಪುಟಗಳನ್ನು ಕಡಿಮೆ ಮಾಡಿ. ಅವನ್ನು ಯಾರೂ ಓದುವುದಿಲ್ಲ.

ನಮ್ಮ ಹೈಸ್ಕೂಲಿನ ಮೊದಲ ವರ್ಷಗಳಲ್ಲಿ ಹೆಣ್ಣುಮಕ್ಕಳೇ ಇಲ್ಲ, ದಲಿತರ ಮಕ್ಕಳೂ ಇಲ್ಲ. ಇದನ್ನು ಬರೆದರೆ ಸಂಸ್ಥಾಪಕರಿಗೆ ಅವಮಾನ ಎಂದು ಆಡಳಿತ ಮಂಡಳಿಯವರು ಹೇಳುತ್ತಾರೆ. ಏನು ಮಾಡಲಿ?
— ಅನುದಾನಿತ ಪ್ರೌಢಶಾಲೆಯ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಬರೆಯಲೇಬೇಕು. ಸಂಸ್ಥಾಪಕರು ಏನನ್ನು ಕಟ್ಟಿದರು ಎಂಬುದರ ಜೊತೆಗೇ ಯಾರಿಗಾಗಿ ಕಟ್ಟಿದರು ಎಂಬುದೂ ಚರಿತ್ರೆ. ಅವರು ದೊಡ್ಡ ಕೆಲಸ ಮಾಡಿದವರು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಿಮ್ಮ ಕಡೆಯನ್ನೇ ನೋಡಿ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರ ಮುಂದಾಳತನದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಎಂಬ ಶಿಕ್ಷಣ ಸಂಸ್ಥೆ ಹುಟ್ಟಿತು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಒಂದು ಶಾಲೆಯಿಂದ ಶುರುಮಾಡಿದರು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲು ತೆರೆದು, ಮೂರು ವರ್ಷಕ್ಕೆ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದರು. ಸರ್ಕಾರ ಕೈಚಾಚದ ಕಡೆ ಇಂಥವರು ಮನೆಮನೆಗೆ ಹೋಗಿ ಹಣ ಕೂಡಿಸಿ ಶಾಲೆ ನಿಲ್ಲಿಸಿದರು. ಅದನ್ನು ಹೃದಯ ತುಂಬಿ ಬರೆಯಿರಿ. ಬಾಗಿಲು ಯಾರಿಗೆ ಯಾವಾಗ ತೆರೆಯಿತು ಎಂಬುದನ್ನೂ ಅಷ್ಟೇ ನೇರವಾಗಿ ಬರೆಯಿರಿ.

ಆ ಬಾಗಿಲಿನ ಕಥೆ ನಮ್ಮ ನಾಡಿನಲ್ಲೇ ಶುರುವಾಗುತ್ತದೆ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಜಾತಿಯ ಒಬ್ಬ ಹುಡುಗ ಅರ್ಜಿ ಹಾಕಿದ. ಉಳಿದ ಮಕ್ಕಳು ಬಿಟ್ಟುಹೋಗುತ್ತಾರೆ ಎಂಬ ಕಾರಣಕ್ಕೆ ಮುಂಬೈ ಸರ್ಕಾರ ಅವನನ್ನು ಸೇರಿಸಲಿಲ್ಲ. ವಿಷಯ ಕಲ್ಕತ್ತೆಗೆ ಹೋಯಿತು, ಲಂಡನ್ನಿಗೂ ಹೋಯಿತು. ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದರು. ಆ ಮಾತು ಕಾಗದದಿಂದ ಇಳಿದು ಊರೂರಿನ ಹೈಸ್ಕೂಲಿನ ಬೆಂಚಿಗೆ ಬರಲು ತಲೆಮಾರುಗಳೇ ಬೇಕಾದವು. ನಿಮ್ಮ ಶಾಲೆಗೆ ಮೊದಲ ದಲಿತ ವಿದ್ಯಾರ್ಥಿ ಸೇರಿದ್ದು ಯಾವ ವರ್ಷ ಎಂಬುದನ್ನು ದಾಖಲಾತಿ ಪುಸ್ತಕದಿಂದ ಹುಡುಕಿ. ಆ ಮನೆಯವರು ಊರಿನಲ್ಲಿದ್ದರೆ ಹೋಗಿ ಮಾತಾಡಿ. ಅವರು ಒಪ್ಪಿದರೆ ಆ ಹೆಸರು ಸಂಸ್ಥಾಪಕರ ಹೆಸರಿನ ಪಕ್ಕದಲ್ಲೇ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಸೇರಿದ ವರ್ಷಕ್ಕಿಂತ ಬಿಟ್ಟ ಕಾರಣದ ಕಲಂ ಹೆಚ್ಚು ಹೇಳುತ್ತದೆ. 1960ರ ದಶಕದ ಒಂದು ಪುಸ್ತಕದ ಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀಲಿ ಶಾಯಿಯಲ್ಲಿ ಉರುಟಾದ ಅಕ್ಷರ. ಹುಡುಗರ ಎದುರು ‘ವ್ಯಾಸಂಗ ಮುಗಿದಿದೆ’, ‘ತಂದೆಗೆ ವರ್ಗ’, ‘ನಪಾಸು’ ಎಂದು ಒಂದೊಂದು ಕಾರಣ. ಹುಡುಗಿಯರ ಎದುರು ‘ಮದುವೆ’, ಅದರ ಕೆಳಗೆ ಅದೇ ಎಂಬುದಕ್ಕೆ ಎರಡು ಗೆರೆ, ಅದರ ಕೆಳಗೆ ಮತ್ತೆ ಎರಡು ಗೆರೆ. ಗುಮಾಸ್ತರಿಗೆ ಆ ಪದವನ್ನು ಮತ್ತೆ ಬರೆಯುವ ಅಗತ್ಯ ಬೀಳದಷ್ಟು ಒಂದರ ಕೆಳಗೊಂದು ಬಂದಿದ್ದವು. ಬಿಟ್ಟ ದಿನಾಂಕಗಳು ಹೆಚ್ಚಾಗಿ ಏಪ್ರಿಲ್, ಮೇ, ಅಂದರೆ ಲಗ್ನದ ಕಾಲ. ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸು ಆಗ 15. ಅದನ್ನು 18ಕ್ಕೆ ಏರಿಸಿದ್ದು 1978ರಲ್ಲಿ. ಹದಿನೈದು ತುಂಬಿದ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಮದುವೆ ಮಾಡಿಕೊಟ್ಟರೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ.

ನಾನು ಹೈಸ್ಕೂಲು ಸೇರಿದಾಗ ನಮ್ಮ ಬೆಂಚಿನಲ್ಲಿದ್ದವರಲ್ಲಿ ಕೆಲವರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲೇ ಇಲ್ಲ. ಕಾರಣ ಆ ಎರಡು ಗೆರೆಯೇ. ಆದ್ದರಿಂದ ಈ ಕಲಮನ್ನು ದಾಟಿಕೊಂಡು ಬರೆದ ಶಾಲೆಯ ಚರಿತ್ರೆಯನ್ನು ನಾನು ಪೂರ್ತಿ ಚರಿತ್ರೆ ಎಂದು ಒಪ್ಪಲಾರೆ. ಮುಂದಿನ ಪುಟಗಳಿಗೂ ಹೋಗಿ. ಆ ಗೆರೆಗಳು ಕಡಿಮೆಯಾಗುವುದು ಎಲ್ಲಿ? ಹತ್ತಿರ ಹುಡುಗಿಯರ ಹಾಸ್ಟೆಲ್ ಬಂದಾಗಲೇ, ಬಸ್ಸು ಬಂದಾಗಲೇ, ಶಾಲೆಗೆ ಮೊದಲ ಶಿಕ್ಷಕಿ ಬಂದಾಗಲೇ, 2006–07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡತೊಡಗಿದಾಗಲೇ? ಪ್ರತಿ ಊರಿನ ಉತ್ತರ ಬೇರೆ. ನಿಮ್ಮ ಊರಿನದು ನಿಮ್ಮ ಪುಸ್ತಕದಲ್ಲೇ ಇದೆ.

ಶಾಲೆಗೂ ಒಂದು ಸ್ವಭಾವ ಅಂತ ಇರುತ್ತದೆಯೇ? ಮೇಷ್ಟ್ರು ಬದಲಾಗುತ್ತಾರೆ, ಮಕ್ಕಳು ಮೂರೇ ವರ್ಷ ಇರುತ್ತಾರೆ, ನಮ್ಮ ಹಳೇ ಕಟ್ಟಡವನ್ನೂ ಕೆಡವಿ ಆರ್‌.ಸಿ.ಸಿ. ಕಟ್ಟಿದ್ದಾರೆ. ಇನ್ನೇನು ಉಳಿಯಿತು?
— ಹಳೆ ವಿದ್ಯಾರ್ಥಿ, ಕುಂದಾಪುರ ತಾಲ್ಲೂಕು

ಇರುತ್ತದೆ. ವರ್ಗವಾಗಿ ಹೊಸ ಶಾಲೆಗೆ ಹೋದ ಮೊದಲ ವಾರದಲ್ಲೇ ಅದು ನನಗೆ ತಿಳಿಯುತ್ತಿತ್ತು. ಗಂಟೆ ಹೊಡೆದ ಮೇಲೆ ಮಕ್ಕಳು ಕ್ಲಾಸಿಗೆ ಓಡುತ್ತಾರೋ ನಡೆಯುತ್ತಾರೋ, ಮೇಷ್ಟ್ರಿಲ್ಲದ ಪೀರಿಯಡ್ಡಿನಲ್ಲಿ ಏನು ನಡೆಯುತ್ತದೆ, ಲೈಬ್ರರಿ ಬೀರುವಿನ ಕೀಲಿ ಯಾರ ಹತ್ತಿರ ಇದೆ ಎಂಬುದನ್ನು ನೋಡಿದರೆ ಸಾಕು. ಕೆಲವು ಶಾಲೆಗಳಲ್ಲಿ ಆ ಬೀರು ತಪಾಸಣೆಯ ದಿನ ಮಾತ್ರ ತೆರೆಯುತ್ತದೆ. ಇನ್ನು ಕೆಲವು ಕಡೆ ಪುಸ್ತಕಗಳ ಬೆನ್ನು ಕಿತ್ತುಹೋಗಿರುತ್ತದೆ, ಅಂಟು ಹಚ್ಚಿ ಮತ್ತೆ ಕೊಟ್ಟಿರುತ್ತಾರೆ. ಎರಡನೆಯ ತರಹದ ಶಾಲೆಯಲ್ಲಿ ಒಳ್ಳೆಯ ಕನ್ನಡ ಮೇಷ್ಟ್ರು ಒಬ್ಬರು ಎಂದೋ ಹತ್ತಾರು ವರ್ಷ ಇದ್ದಿರುತ್ತಾರೆ. ಅವರು ಹೋದ ಮೇಲೂ ಆ ರೂಢಿ ಹಿರಿಯ ಮಕ್ಕಳಿಂದ ಕಿರಿಯ ಮಕ್ಕಳಿಗೆ ಇಳಿದು ಬರುತ್ತದೆ. ಅದು ಹೇಗೆ ಉಳಿಯುತ್ತದೆ ಎಂದು ಕೇಳಿದಿರಲ್ಲ, ಹೀಗೆ. ಹತ್ತನೆಯವರು ಮಾಡುವುದನ್ನು ಎಂಟನೆಯವರು ನೋಡುತ್ತಾರೆ.

ನಿಮ್ಮ ಕರಾವಳಿಯ ಶಾಲೆಗಳ ಗುಣಕ್ಕೆ ಇನ್ನೊಂದು ಮೂಲವಿದೆ. ಮದರಾಸು ಪ್ರಾಂತ್ಯದಲ್ಲಿ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಶಾಲೆ ನಡೆಸುತ್ತಿದ್ದವು. ಬೋರ್ಡುಗಳು ಹೋಗಿ ಎಷ್ಟೋ ಕಾಲವಾಯಿತು, ಶಾಲೆಗಳು ಸರ್ಕಾರಿ ಪದವಿಪೂರ್ವ ಕಾಲೇಜುಗಳಾದವು. ಆದರೂ ಕುಂದಾಪುರದಲ್ಲಿ, ಪುತ್ತೂರಿನಲ್ಲಿ ಹಿರಿಯರು ಇಂದಿಗೂ ಬೋರ್ಡ್ ಹೈಸ್ಕೂಲು ಎಂದೇ ಕರೆಯುತ್ತಾರೆ. ನಮ್ಮದೇ ತೆರಿಗೆಯ, ನಮ್ಮದೇ ಪ್ರತಿನಿಧಿಗಳ ಶಾಲೆ ಎಂಬ ಹಕ್ಕು ಆ ಕರೆಯುವಿಕೆಯಲ್ಲಿದೆ. ಉತ್ತರ ಕನ್ನಡಕ್ಕೆ ಹೋದರೆ ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳು. ಹೈಸ್ಕೂಲು ಕಾಣದ ಸಣ್ಣ ಊರುಗಳಲ್ಲಿ ಜನತಾ ವಿದ್ಯಾಲಯ ಎಂಬ ಹೆಸರಿನಲ್ಲೇ ತೆರೆದರು. ರೈತರ ಹೋರಾಟದಲ್ಲಿದ್ದವರು ಶಾಲೆಗೆ ಇಟ್ಟ ಹೆಸರು ಅದು. ಗೇಣಿದಾರರ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಅಂಥ ಕಡೆ.

ಹಳ್ಳಿಯ ಮೇಲೆ ಹಳ್ಳಿ ಸುತ್ತಿ ಶಾಲೆ ನೋಡಿದ ಅಧಿಕಾರಿಗಳೂ ಗುಣ ಬಿಟ್ಟುಹೋಗಿದ್ದಾರೆ. ಮೈಸೂರಿನಲ್ಲಿ 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದ ಲೂಯಿಸ್ ರೈಸ್, ಶಾಲೆಗಳ ತಪಾಸಣೆಗೆ ಕುದುರೆ ಏರಿ ಹೋದ ದಾರಿಯಲ್ಲೇ ಶಾಸನಗಳನ್ನು ಕಂಡು ಬರೆದುಕೊಂಡವರು. ಅವರ ಕಾಲದ ಹೋಬಳಿ ಶಾಲೆ ಎಷ್ಟೋ ಊರಿನಲ್ಲಿ ಇಂದಿನ ಹೈಸ್ಕೂಲಿನ ಬೇರು.

ಕಟ್ಟಡದ ಬಗ್ಗೆ ನಿಮ್ಮ ನೋವು ನನಗೂ ಅರ್ಥವಾಗುತ್ತದೆ. ಮಂಗಳೂರು ಹೆಂಚು, ಉದ್ದನೆಯ ಜಗಲಿ, ಮಳೆಗಾಲದಲ್ಲಿ ಪಾಠ ಕೇಳಿಸದಷ್ಟು ಸದ್ದು. ಕೆಡವುವ ಮುಂಚೆ ಅಳತೆ ತೆಗೆದು, ನಕ್ಷೆ ಬರೆದು, ಶಿಲಾನ್ಯಾಸದ ಕಲ್ಲನ್ನೂ ದಾನಿಗಳ ಹೆಸರಿನ ಕಲ್ಲುಗಳನ್ನೂ ಉಳಿಸಿಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಿಮ್ಮಲ್ಲಿ ಆ ಕಲ್ಲುಗಳು ಹಿತ್ತಲಿನಲ್ಲಿ ಬಿದ್ದಿವೆಯೇ ನೋಡಿ. ಇದ್ದರೆ ಹೊಸ ಗೋಡೆಯಲ್ಲಿ ಕೂರಿಸಲು ಹೇಳಿ.

ಒಂದು ಕಾಲಕ್ಕೆ ಸೆಕ್ಷನ್ ಮೇಲೆ ಸೆಕ್ಷನ್ ಇದ್ದ ನಮ್ಮ ಪಟ್ಟಣದ ಹೈಸ್ಕೂಲಿನಲ್ಲಿ ಈಗ ಒಂದು ಕ್ಲಾಸು ತುಂಬುವುದೂ ಕಷ್ಟ. ಶಾಲೆಯ ಗುಣಮಟ್ಟ ಕುಸಿದಿದ್ದೇ ಕಾರಣ ಎಂದು ಚರಿತ್ರೆಯಲ್ಲಿ ಬರೆಯಬೇಕೇ?
— ನಿವೃತ್ತ ಶಿಕ್ಷಕರು, ಚಿತ್ರದುರ್ಗ ಜಿಲ್ಲೆ

ಸರ್, ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ‘ಹಿಂದೆ ಓದಿದ ಶಾಲೆ’ ಎಂಬ ಕಲಮನ್ನು ದಶಕ ದಶಕವಾಗಿ ನೋಡಿ. ದೂರದ ಹಳ್ಳಿಗಳ ಹೆಸರು ಒಂದೊಂದಾಗಿ ಬಿಟ್ಟುಹೋಗಿರುತ್ತವೆ. ಯಾಕೆಂದರೆ ಆ ಹಳ್ಳಿಗಳ ಹತ್ತಿರವೇ ಹೈಸ್ಕೂಲು ಬಂತು. ಊರಿನಿಂದ 5 ಕಿಲೋಮೀಟರ್ ಒಳಗೆ ಪ್ರೌಢಶಾಲೆ ಇರಬೇಕು ಎಂಬ ಗುರಿಯಿಂದ 2009ರಲ್ಲಿ ಶುರುವಾದ ಮಾಧ್ಯಮಿಕ ಶಿಕ್ಷಾ ಅಭಿಯಾನದಲ್ಲೂ ಹೊಸ ಶಾಲೆಗಳು ಬಂದವು. ನಿಮ್ಮ ಶಾಲೆ ಕಳೆದುಕೊಂಡ ಆ ಮಕ್ಕಳು ತಮ್ಮ ಊರ ಪಕ್ಕದಲ್ಲೇ ಓದುತ್ತಿದ್ದಾರೆ. ಅದರಲ್ಲಿ ದುಃಖಪಡುವುದು ಏನೂ ಇಲ್ಲ.

ಪಟ್ಟಣದ ಒಳಗಿನ ಮಕ್ಕಳು ಹೋದದ್ದು ಬೇರೆ ಕಾರಣಕ್ಕೆ. ಹಳದಿ ಬಸ್ಸು ಮನೆ ಬಾಗಿಲಿಗೆ ಬಂತು, ಇಂಗ್ಲಿಷ್ ಮಾಧ್ಯಮ ಎಂಬ ಬೋರ್ಡು ಕಂಡಿತು. ಒಂದನೇ ಕ್ಲಾಸಿಗೆ ಅಲ್ಲಿ ಸೇರಿದ ಮಗು ಎಂಟನೆಯ ಕ್ಲಾಸಿಗೆ ನಿಮ್ಮಲ್ಲಿಗೆ ಬರುವುದಿಲ್ಲ. ಹಾಗಾಗಿ ಹೈಸ್ಕೂಲಿನ ದಾಖಲಾತಿ ಕುಸಿಯುವುದಕ್ಕೆ ಎಷ್ಟೋ ವರ್ಷ ಮುಂಚೆ ಊರಿನ ಸರ್ಕಾರಿ ಪ್ರೈಮರಿ ಶಾಲೆಯದು ಕುಸಿದಿರುತ್ತದೆ. ಆ ಪುಸ್ತಕವನ್ನೂ ನೋಡಿ. ಇದರ ಜೊತೆಗೆ ಗಣಿತ, ಇಂಗ್ಲಿಷ್ ಮೇಷ್ಟ್ರ ಹುದ್ದೆ ಎಷ್ಟು ವರ್ಷ ಖಾಲಿ ಬಿದ್ದಿತ್ತು ಎಂಬುದನ್ನು ಬಟವಾಡೆ ರಿಜಿಸ್ಟರಿನಿಂದ ತೆಗೆದು ಪಕ್ಕದಲ್ಲಿಡಿ. ಹುದ್ದೆ ಖಾಲಿ ಇಟ್ಟವರು ಶಾಲೆಯವರಲ್ಲ. ಇದ್ದ ಮೇಷ್ಟ್ರುಗಳ ಮೇಲೆ ಎಲ್ಲವನ್ನೂ ಹೊರಿಸಿ ಬರೆದರೆ ಅನ್ಯಾಯವಾಗುತ್ತದೆ.

ಮೇಡಂ, ನಾನು ಒಂಬತ್ತನೇ ತರಗತಿ. ‘ನಮ್ಮ ಶಾಲೆಯ ಕಥೆ’ ಅಂತ ಪ್ರಬಂಧ ಬರೆಯಬೇಕು. ಯಾರನ್ನು ಏನು ಕೇಳಲಿ?
— ವಿದ್ಯಾರ್ಥಿನಿ, ರಾಯಚೂರು ಜಿಲ್ಲೆ

ಮಗೂ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅದೇ ಶಾಲೆಯಲ್ಲಿ ಓದಿದವರು ಯಾರಿದ್ದಾರೆ ಮೊದಲು ಕೇಳು. ಒಬ್ಬರು ತುಂಬಾ ವಯಸ್ಸಾದವರು, ಒಬ್ಬರು ನಿನ್ನ ಅಮ್ಮನ ವಯಸ್ಸಿನವರು, ಒಬ್ಬರು ನಡುವೆ ಶಾಲೆ ಬಿಟ್ಟವರು, ಹೀಗೆ ಮೂರು ಜನ ಸಿಕ್ಕರೆ ಸಾಕು. ಹಿಂದೆ ನಿಮ್ಮ ಕಡೆ ಹೈಸ್ಕೂಲಿನ ಪಾಠ ಉರ್ದುವಿನಲ್ಲಿತ್ತು. ತುಂಬಾ ವಯಸ್ಸಾದವರಿಗೆ ಇನ್ನೂ ಉರ್ದು ಓದಲು ಬರುತ್ತದೆಯೇ ಕೇಳಿ ನೋಡು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಪಾಠದ ಭಾಷೆ ಬದಲಾಯಿತು. ಆಗ ಮನೆಯಲ್ಲಿದ್ದ ಅಣ್ಣ ಅಕ್ಕಂದಿರು ಕ್ಲಾಸಿನಲ್ಲಿ ಏನು ಮಾಡಿದರಂತೆ ಎಂದು ಕೇಳು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್ದರ್ದ್ ಶಾಲೆಯ ಹೆಸರನ್ನು ಅವರಲ್ಲಿ ಯಾರಾದರೂ ಎತ್ತಬಹುದು, ಎತ್ತಿದರೆ ಬಿಡದೆ ಬರೆದುಕೋ.

ಎಲ್ಲರಿಗೂ ಸಣ್ಣ ಪ್ರಶ್ನೆಗಳನ್ನೇ ಕೇಳು. ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಿರಿ, ನೀರು ಎಲ್ಲಿ ಕುಡಿಯುತ್ತಿದ್ದಿರಿ, ಎಲ್ಲರೂ ಒಂದೇ ಕಡೆ ಕುಡಿಯುತ್ತಿದ್ದರೇ, ಪುಸ್ತಕ ಹೊಸದೇ ಹಳೆಯದೇ, ಫೀಸು ಕಟ್ಟಲಾಗದಿದ್ದರೆ ಏನಾಗುತ್ತಿತ್ತು. ನಡುವೆ ಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ಎಲ್ಲರ ಮುಂದೆ ಕೇಳಬೇಡ. ಅವರಿಗೆ ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಅವರು ಹೇಳಿದ್ದನ್ನು ನಿಮ್ಮ ಊರಿನ ಮಾತಿನಲ್ಲೇ ಬರೆದುಕೋ, ಪುಸ್ತಕದ ಭಾಷೆಗೆ ತಿದ್ದಬೇಡ. ಹೇಳಿದವರ ಹೆಸರು, ಕೇಳಿದ ತಾರೀಖು ಮೇಲೆ ಬರೆ. ಬರೆದಾದ ಮೇಲೆ ಅವರಿಗೇ ಒಮ್ಮೆ ಓದಿ ಹೇಳಿ, ಹೆಸರು ಹಾಕಬಹುದೇ ಕೇಳು. ಪ್ರಬಂಧ ಕೊಟ್ಟಾದ ಮೇಲೆ ಆ ನೋಟ್‌ಬುಕ್ ಎಸೆಯಬೇಡ, ಒಂದು ಪ್ರತಿ ಮಾಡಿಸಿ ಶಾಲೆಯ ಲೈಬ್ರರಿಗೆ ಕೊಡು. ಪುಸ್ತಕಗಳ ಪಟ್ಟಿಯಲ್ಲಿ ಅದಕ್ಕೂ ಒಂದು ನಂಬರು ಹಾಕಿಕೊಳ್ಳಲು ನಿಮ್ಮ ಮೇಡಂಗೆ ನಾನು ಹೇಳಿದೆ ಎಂದು ಹೇಳು.